ಆರೋಗ್ಯದ ಜಾಲತಾಣಗಳು: ಓದುಗರ ಪ್ರಶ್ನೆ, ಲೈಬ್ರರಿಯಮ್ಮನ ಉತ್ತರ

(ಅಂಕಣಕಾರ್ತಿ ಧಾರವಾಡ ಜಿಲ್ಲೆಯವರು, ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿ ಕಾಯಿಲೆಗೆ ಮದ್ದು ಸಿಗುವುದಿಲ್ಲ. ಮದ್ದಿನ ಬಗ್ಗೆ ಬರೆದದ್ದನ್ನು ಓದುವುದು ಹೇಗೆ ಎಂಬುದಕ್ಕೆ ಉತ್ತರ ಸಿಗುತ್ತದೆ.)

ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಳ್ಳಿ, ಎರಡು ಡೋಸ್, ಆಮೇಲೆ ಬೂಸ್ಟರ್ ಎಂದು ಒಂದು ಜಾಲತಾಣದಲ್ಲಿ ವಿವರವಾಗಿ ಬರೆದಿದ್ದಾರೆ. ನಮ್ಮ ಪಿಎಚ್‌ಸಿಯಲ್ಲಿ ಕೇಳಿದರೆ ಲಸಿಕೆಯೇ ಇಲ್ಲ ಅಂತಾರೆ. ಯಾರನ್ನು ನಂಬಲಿ?
– ಅಡಿಕೆ ಬೆಳೆಗಾರರೊಬ್ಬರು, ಸಾಗರ ತಾಲ್ಲೂಕು

ಪಿಎಚ್‌ಸಿಯವರನ್ನೇ ನಂಬಿ. ನೀವು ಓದಿದ ಪುಟ ಸುಳ್ಳು ಹೇಳುತ್ತಿಲ್ಲ, ಹಳತಾಗಿದೆ ಅಷ್ಟೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಗೆ ಮಲೆನಾಡಿನಲ್ಲಿ ವರ್ಷಗಟ್ಟಲೆ ಲಸಿಕೆ ಹಾಕಿದ್ದು ನಿಜ. ಡೋಸಿನ ಲೆಕ್ಕವೂ ನಿಜ. ಆದರೆ ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು 2022ರಲ್ಲಿ ರಾಜ್ಯದಲ್ಲಿ ಅದನ್ನು ಹಾಕುವುದು ನಿಂತಿತು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೈಗೆತ್ತಿಕೊಂಡಿದೆ. ಈಗ ನಿಮ್ಮ ಕೈಯಲ್ಲಿರುವುದು ಕಾಡಿಗೆ ಹೋಗುವಾಗ ಮೈಮುಚ್ಚುವ ಬಟ್ಟೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಮನೆಗೆ ಬಂದ ಮೇಲೆ ಬಿಸಿನೀರ ಸ್ನಾನ, ಕಾಯಿಲೆ ಹರಡುವ ಆ ಉಣುಗು ಮೈಮೇಲೆ ಇದೆಯೇ ಎಂದು ಹುಡುಕುವುದು. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸುವುದು. ಜ್ವರ ಬಂದರೆ ಅದೇ ಪಿಎಚ್‌ಸಿಗೆ ಹೋಗಿ ಕಾಡಿಗೆ ಹೋಗಿದ್ದೆ ಎಂದು ಬಾಯಿಬಿಟ್ಟು ಹೇಳುವುದು.

ನಿಮ್ಮ ಪತ್ರದಲ್ಲಿ ‘ವಿವರವಾಗಿ’ ಅಂದಿದ್ದೀರಿ. ಮೋಸ ಹೋಗುವುದು ಅಲ್ಲಿಯೇ. ವಿವರ ಹೆಚ್ಚಿದ್ದಷ್ಟೂ ಪುಟ ನಂಬಿಕಸ್ಥ ಅನ್ನಿಸುತ್ತದೆ. ಆದರೆ ಮೊದಲು ಹಳಸುವುದು ಆ ವಿವರವೇ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ಎಕ್ಸ್‌ಪೈರಿ ನೋಡುತ್ತೇವಲ್ಲ, ಪುಟದ ಕೊನೆಗೂ ಹಾಗೆಯೇ ಹೋಗಿ ತಾರೀಖು ನೋಡಬೇಕು. ಅಲ್ಲೊಂದು ಕಳ್ಳದಾರಿಯಿದೆ: ಕಟ್ಟಕಡೆಯ ಸಾಲಿನಲ್ಲಿ ಕಾಪಿರೈಟ್ ಗುರುತಿನ ಪಕ್ಕ ಈ ವರ್ಷದ ಇಸವಿ ಇರುತ್ತದೆ. ಅದು ಎಷ್ಟೋ ಕಡೆ ಪ್ರತಿ ಜನವರಿಗೆ ತಾನೇ ಬದಲಾಗುವಂಥದ್ದು, ಯಾರೋ ಓದಿ ತಿದ್ದಿದ್ದಾರೆ ಎಂದಲ್ಲ. ಬೇಕಾದದ್ದು ‘ಕೊನೆಯ ಬಾರಿ ಪರಿಶೀಲಿಸಿದ್ದು’ ಎಂಬ ಸಾಲು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತನ್ನ ಪುಟಗಳಲ್ಲಿ ಅದರ ಜೊತೆಗೆ ಮುಂದಿನ ಪರಿಶೀಲನೆ ಯಾವಾಗ ಎಂಬುದನ್ನೂ ಹಾಕುತ್ತದೆ. ನನಗೆ ಆ ಎರಡನೇ ತಾರೀಖಿನ ಮೇಲೆ ಹೆಚ್ಚು ಗೌರವ, ‘ಇದು ಬದಲಾಗಬಹುದು’ ಎಂದು ಒಪ್ಪಿಕೊಂಡವರು ಮಾತ್ರ ಅದನ್ನು ಬರೆಯುತ್ತಾರೆ.

ಮ್ಯಾಂಚೆಸ್ಟರಿನಲ್ಲಿರುವ ಮಗ ಅಲ್ಲಿಯ ಸರ್ಕಾರಿ ಜಾಲತಾಣದ ಸಕ್ಕರೆ ಕಾಯಿಲೆ ಪುಟ ಕಳಿಸಿದ್ದಾನೆ. ಉಪವಾಸದ ಸಕ್ಕರೆ 7 ದಾಟಿದರೆ ಮಧುಮೇಹವಂತೆ. ನನ್ನದು 118 ಬಂದಿದೆ! ನಿದ್ದೆ ಬರುತ್ತಿಲ್ಲ.
– ನಿವೃತ್ತ ಶಿಕ್ಷಕಿ, ಮೈಸೂರು

ಮೊದಲು ನಿದ್ದೆ ಮಾಡಿ. ಅವರ ಅಳತೆ ಮಿಲಿಮೋಲ್, ನಮ್ಮ ಲ್ಯಾಬಿನದು ಮಿಲಿಗ್ರಾಂ. ಅವರ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮದು ಬರುತ್ತದೆ: 7 ಎಂದರೆ 126. ನಿಮ್ಮ 118 ಅದಕ್ಕಿಂತ ಕೆಳಗೇ ಇದೆ. ಆದರೂ ಅದು ಪೂರ್ತಿ ಸಹಜವೂ ಅಲ್ಲ, ಡಾಕ್ಟರಿಗೆ ತೋರಿಸಿ, ಅವರು ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬರೆದುಕೊಡಬಹುದು.

ಮಗ ಕಳಿಸಿದ ಪುಟ ಒಳ್ಳೆಯದೇ. ಬರೆದದ್ದು ಮಾತ್ರ ಮ್ಯಾಂಚೆಸ್ಟರಿನವರಿಗೆ. ತುರ್ತಿಗೆ 999 ಒತ್ತಿ ಅನ್ನುತ್ತದೆ, ಇಲ್ಲಿ 108. ಅಮೆರಿಕದ ಪುಟವಾಗಿದ್ದರೆ ಅಸೆಟಮಿನೋಫೆನ್ ಅನ್ನುತ್ತಿತ್ತು. ಅದು ನಿಮ್ಮ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್ ಎಂದು ತಿಳಿಯದೆ ಎರಡನ್ನೂ ಒಟ್ಟಿಗೆ ನುಂಗಿದವರಿದ್ದರೆ ಯಕೃತ್ತಿಗೆ ಕುತ್ತು. ಗುಣಮಟ್ಟ ಅಳೆಯುವವರು ಈ ‘ಯಾರಿಗಾಗಿ ಬರೆದದ್ದು’ ಎಂಬುದಕ್ಕೆ ಅಂಕ ಕೊಡುವುದು ಕಡಿಮೆ. ನಾನಾಗಿದ್ದರೆ ಅದನ್ನೇ ಮೊದಲು ನೋಡುತ್ತಿದ್ದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಚಾಮರಾಜನಗರದ ಕಡೆ ಕೆಲಸ ಮಾಡುವ ಒಂದು ಟ್ರಸ್ಟಿಗಾಗಿ ಗೆಳೆಯರೆಲ್ಲ ಸೇರಿ ಕನ್ನಡದಲ್ಲಿ ಆರೋಗ್ಯ ಜಾಲತಾಣ ಮಾಡುತ್ತಿದ್ದೇವೆ. ಗುಣಮಟ್ಟದ ಮುದ್ರೆ ಎಲ್ಲಿ ಸಿಗುತ್ತದೆ? ವಿನ್ಯಾಸದಲ್ಲಿ ಏನು ಗಮನಿಸಬೇಕು?
– ಯುವಕರೊಬ್ಬರು, ಬೆಂಗಳೂರು

ಮುದ್ರೆಯ ಆಸೆ ಬಿಡಿ. ಅದರ ಕಥೆ ಹೇಳುತ್ತೇನೆ. ಜಿನೀವಾದಲ್ಲಿ ಹೆಲ್ತ್ ಆನ್ ದ ನೆಟ್ ಎಂಬ ಸಂಸ್ಥೆಯಿತ್ತು. 1996ರಲ್ಲಿ ಅದು ‘ಹಾನ್ ಕೋಡ್’ ಎಂದು ಎಂಟು ನಿಯಮ ಮಾಡಿತು: ಬರೆದವರ ಅರ್ಹತೆ ಹೇಳಬೇಕು, ಡಾಕ್ಟರಿಗೆ ಬದಲಿ ಎಂದು ಹೇಳಿಕೊಳ್ಳಬಾರದು, ಓದುಗರ ಗುಟ್ಟು ಕಾಯಬೇಕು, ಆಧಾರ ಕೊಡಬೇಕು, ಹಣ ಎಲ್ಲಿಂದ ಬಂತು ಎಂದು ತಿಳಿಸಬೇಕು, ಜಾಹೀರಾತನ್ನು ಬೇರೆಯಾಗಿಯೇ ತೋರಿಸಬೇಕು, ಹೀಗೆ. ಪಾಸಾದವರಿಗೆ ಮುದ್ರೆ. ಅದನ್ನು ಒತ್ತಿದರೆ ಜಿನೀವಾದ ಪ್ರಮಾಣಪತ್ರ ತೆರೆದುಕೊಳ್ಳಬೇಕು. ಲೈಬ್ರರಿಗೆ ಬರುವ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದದ್ದು ಅದೇ, ಮುದ್ರೆಯನ್ನು ನೋಡಬೇಡಿ, ಒತ್ತಿ. ಚಿತ್ರ ಕದ್ದು ಅಂಟಿಸುವುದು ಯಾರಿಗೆ ಬಾರದು? 2022ರ ಕೊನೆಗೆ ಸಂಸ್ಥೆಯೇ ಬಾಗಿಲು ಹಾಕಿತು. ಈಗ ಯಾರಾದರೂ ಆ ಮುದ್ರೆ ತೋರಿಸುತ್ತಿದ್ದರೆ ಅದು ಅವರ ಪುಟವನ್ನು ಎಷ್ಟು ದಿನದಿಂದ ಯಾರೂ ಮುಟ್ಟಿಲ್ಲ ಎಂಬುದಕ್ಕಷ್ಟೇ ಸಾಕ್ಷಿ.

ಮುದ್ರೆ ಹೋದರೂ ನಿಯಮಗಳು ಕೆಟ್ಟವಲ್ಲ, ಇಟ್ಟುಕೊಳ್ಳಿ. ಅದರ ಜೊತೆಗೆ ಆಕ್ಸ್‌ಫರ್ಡಿನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ ‘ಡಿಸರ್ನ್’ ಎಂಬ ಪ್ರಶ್ನಾವಳಿ ಇದೆ. 16 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಚಿಕಿತ್ಸೆಯ ಬಗ್ಗೆ ಬರೆದದ್ದನ್ನು ತೂಗಲಿಕ್ಕೆ ಮಾಡಿದ್ದು. ಅದರಲ್ಲಿ ನನಗೆ ಬಹಳ ಹಿಡಿಸಿದ ಎರಡು ಪ್ರಶ್ನೆಗಳಿವೆ. ಚಿಕಿತ್ಸೆಯನ್ನೇ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂದು ಹೇಳಿದ್ದಾರೆಯೇ? ಇನ್ನೂ ಖಚಿತವಾಗದ ಸಂಗತಿಗಳಿವೆ ಎಂದು ಒಪ್ಪಿದ್ದಾರೆಯೇ? ವ್ಯಾಪಾರಕ್ಕೆ ಕೂತ ಪುಟ ಇವೆರಡರಲ್ಲಿ ಸಿಕ್ಕಿಬೀಳುತ್ತದೆ. ಮಂಡಿನೋವಿಗೆ ಆಪರೇಷನ್ ಮಾಡಿಸಿ ಎನ್ನುವ ಪುಟವನ್ನು ಓದಿ ನೋಡಿ. ಮಾಡಿಸದಿದ್ದರೆ ಏನು ಎಂಬ ಮಾತು ಅಲ್ಲಿದ್ದರೆ, ಬರೆದವರು ಮರ್ಯಾದಸ್ಥರು ಅಂದುಕೊಳ್ಳಬಹುದು.

ಆದರೆ ಡಿಸರ್ನ್ ಒಂದನ್ನು ಅಳೆಯುವುದಿಲ್ಲ: ಬರೆದದ್ದು ಸರಿಯೇ ಎಂಬುದನ್ನು. ತಾರೀಖು, ಆಧಾರ, ಸಮತೋಲ ಎಲ್ಲ ಇದ್ದೂ ಮಾತ್ರೆಯ ಪ್ರಮಾಣ ತಪ್ಪಾಗಿದ್ದರೆ ಅಂಕ ಕಡಿಮೆಯಾಗದು. ಅದಕ್ಕೆ ಆ ರೋಗ ಬಲ್ಲ ವೈದ್ಯರೊಬ್ಬರು ಓದಿ, ತಮ್ಮ ಹೆಸರು ಹಾಕಿಸಿಕೊಳ್ಳಬೇಕು. ಹೆಸರು ಹಾಕಲು ಹಿಂಜರಿದರೆ ಆ ಲೇಖನ ಹಾಕಬೇಡಿ.

ಓದಲು ಸುಲಭವೇ ಎಂದು ಅಳೆಯಲು ಇಂಗ್ಲಿಷಿನಲ್ಲಿ ಸೂತ್ರಗಳಿವೆ. ಸ್ಮಾಗ್ ಎಂಬ ಸೂತ್ರ ಮೂರಕ್ಕಿಂತ ಕಡಿಮೆಯಿಲ್ಲದ ಉಚ್ಚಾರಾಂಶಗಳ ಪದಗಳನ್ನು ಎಣಿಸಿ, ಅವು ಹೆಚ್ಚಿದ್ದರೆ ಕಷ್ಟ ಎನ್ನುತ್ತದೆ. ಅದನ್ನು ಕನ್ನಡಕ್ಕೆ ಹಾಕಿದಿರೋ, ‘ಹಾಕಿಸಿಕೊಳ್ಳಬೇಕು’ ಎಂಬ ನಿತ್ಯದ ಮಾತೇ ಪಂಡಿತರ ಪದವಾಗುತ್ತದೆ. ‘ಮೂತ್ರಪಿಂಡ’ವನ್ನೂ ‘ಕಿಡ್ನಿ’ಯನ್ನೂ ತೂಗಿ ನೋಡಲು ಯಂತ್ರಕ್ಕೆ ಬಾರದು. ನಿಮ್ಮ ಟ್ರಸ್ಟಿನ ಊರುಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರಲ್ಲ, ನಾಲ್ಕೈದು ಜನರನ್ನು ಕೂರಿಸಿ ಅವರ ಫೋನಿನಲ್ಲೇ ಪುಟ ಓದಿಸಿ, ಫೋನ್ ಮಗುಚಿಡಿ, ‘ಈಗ ನನಗೆ ಹೇಳಿಕೊಡಿ’ ಎನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ವಾಕ್ಯ ಕೆಟ್ಟಿದೆ, ತಪ್ಪು ಅವರದಲ್ಲ.

ಇನ್ನು ಕಣ್ಣಿಗೆ ಕಾಣುವ ವಿಷಯ. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬಿಟ್ಟು ಹಳೆಯ ಆಸ್ಕಿ ಫಾಂಟಿನಲ್ಲಿ ಒಂದಕ್ಷರವೂ ಬೇಡ, ಹುಡುಕಿದರೆ ಸಿಗುವುದಿಲ್ಲ. ಕನ್ನಡಕ್ಕೆ ಒತ್ತಕ್ಷರಗಳಿವೆ, ಇಂಗ್ಲಿಷಿನ ಸಾಲಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಿಳಿಬೂದು ಅಕ್ಷರ ನಿಮ್ಮ ಡಿಸೈನರಿಗೆ ಚಂದ, ಪೊರೆ ಬಂದ ಕಣ್ಣಿಗಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ (ಕಾಂಟ್ರಾಸ್ಟ್) ಕನಿಷ್ಠ 4.5ಕ್ಕೆ 1ರ ಅಂತರ ಇರಲಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಅಂಕಿಗಳನ್ನು 1, 2, 3 ಎಂದೇ ಬರೆಯಿರಿ. ಲ್ಯಾಬ್ ರಿಪೋರ್ಟಿನಲ್ಲಿ ಇರುವುದು ಹಾಗೆಯೇ. ‘ಅಪಾಯ ಅರ್ಧಕ್ಕರ್ಧ ಇಳಿಯುತ್ತದೆ’ ಎಂದು ಬರೆಯಬೇಡಿ. ನೂರು ಜನರಲ್ಲಿ ಇಬ್ಬರಿಗೆ ಬರುತ್ತಿದ್ದದ್ದು ಒಬ್ಬರಿಗೆ ಬಂದರೂ ಅದು ಅರ್ಧವೇ. ನೂರರಲ್ಲಿ ಎಷ್ಟು ಎಂದೇ ಹೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಯಾವ ಪ್ರಶ್ನಾವಳಿಯಲ್ಲೂ ನಾನು ಕಾಣದ್ದು: ನಿಮ್ಮ ಪುಟವನ್ನು ಯಾರೂ ಪುಟವಾಗಿ ಓದುವುದಿಲ್ಲ. ಒಂದು ತುಂಡಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿನಲ್ಲಿ ಬಿಡುತ್ತಾರೆ. ಮೇಲೆ ಕೆಂಪಕ್ಷರದಲ್ಲಿ ‘ಇವು ತಪ್ಪು ನಂಬಿಕೆಗಳು’ ಎಂದು ಹಾಕಿ, ಕೆಳಗೆ ‘ಪಪ್ಪಾಯ ಎಲೆಯ ರಸ ಕುಡಿದರೆ ಡೆಂಗಿಗೆ ಆಸ್ಪತ್ರೆ ಬೇಡ’ ಎಂದು ಪಟ್ಟಿ ಮಾಡಿದಿರಿ ಅನ್ನಿ. ಊರೆಲ್ಲ ಹರಡುವುದು ಆ ಸಾಲು, ನಿಮ್ಮ ಟ್ರಸ್ಟಿನ ಹೆಸರಿನ ಸಮೇತ. ಕೆಂಪಕ್ಷರ ಕತ್ತರಿಗೆ ಹೋಗಿರುತ್ತದೆ. ಆದ್ದರಿಂದ ತಪ್ಪನ್ನು ಬಿಡಿಯಾಗಿ ಬರೆಯಲೇಬೇಡಿ. ‘ಡೆಂಗಿಯಲ್ಲಿ ಎಲೆಯ ರಸ ನಂಬಿ ಆಸ್ಪತ್ರೆ ತಪ್ಪಿಸಬೇಡಿ, ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆಗಲೇ ಹೊರಡಿ, ಆಸ್ಪಿರಿನ್, ಐಬುಪ್ರೊಫೆನ್ ಬೇಡ’ ಎಂದು ಒಂದೇ ಉಸಿರಿನಲ್ಲಿ ಇರಲಿ. ತಾರೀಖು ಮತ್ತು ವಿಳಾಸ ಪ್ರತಿ ಚಿತ್ರದ ಒಳಗೇ ಇರಲಿ, ಅಂಚಿನಲ್ಲಲ್ಲ.

‘ನಮ್ಮ ಬಗ್ಗೆ’ ಪುಟ ಬರೆಯಿರಿ, ಆದರೆ ಅದನ್ನು ಓದುತ್ತಾರೆಂದು ನೆಚ್ಚಬೇಡಿ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಂಥರ್ ಐಸೆನ್‌ಬಾಕ್ ಎಂಬ ಸಂಶೋಧಕರು ಜನ ಆರೋಗ್ಯ ಮಾಹಿತಿ ಹುಡುಕುವುದನ್ನು ಗಮನಿಸಿ, 2002ರಲ್ಲಿ ಪ್ರಕಟಿಸಿದರು. ಯಾರು ಬರೆದದ್ದೆಂದು ನೋಡುವುದು ಮುಖ್ಯ ಎಂದು ಬಾಯಲ್ಲಿ ಹೇಳಿದವರಿದ್ದರು. ಹುಡುಕುವಾಗ ಒಬ್ಬರೂ ‘ನಮ್ಮ ಬಗ್ಗೆ’ ಪುಟ ತೆರೆಯಲಿಲ್ಲ. ಹಾಗಾಗಿ ಬರೆದವರ ಹೆಸರು, ದುಡ್ಡು ಕೊಟ್ಟವರ ಹೆಸರು ಲೇಖನದ ತಲೆಯ ಮೇಲೇ ಬರಲಿ.

ಲೇಖನದ ಕೆಳಗೆ ಡಾಕ್ಟರ ಫೋಟೊ, ಹೆಸರು ಇದ್ದರೆ ಸಾಕಲ್ಲವೇ?
– ಗೃಹಿಣಿ, ತುಮಕೂರು

ಸಾಲದು. ಬಿಳಿ ಕೋಟು, ಸ್ಟೆತಸ್ಕೋಪಿನ ಫೋಟೊ ದುಡ್ಡಿಗೆ ಸಿಗುತ್ತದೆ. ಹೆಸರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಹುಡುಕಿ. ಬೇರೆ ರಾಜ್ಯದವರಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಿದೆ. ಆಯುರ್ವೇದ, ಹೋಮಿಯೋಪಥಿಯವರಿಗೆ ಬೇರೆ ಮಂಡಳಿಗಳಿವೆ. ಆಮೇಲೆ ಇನ್ನೊಂದು: ಮೂಳೆ ಡಾಕ್ಟರು ಥೈರಾಯ್ಡ್ ಬಗ್ಗೆ ಬರೆದಿದ್ದರೆ ಅವರ ಡಿಗ್ರಿ ನಿಜವೇ, ಆದರೆ ಆ ಲೇಖನಕ್ಕೆ ಅದರಿಂದ ಹೆಚ್ಚಿನ ಬಲವೇನೂ ಬರುವುದಿಲ್ಲ.

ಮಧುಮೇಹ 90 ದಿನದಲ್ಲಿ ಶಾಶ್ವತ ಗುಣ, ಇಲ್ಲದಿದ್ದರೆ ಹಣ ವಾಪಸ್ ಎಂದು ಒಂದು ಜಾಲತಾಣ. ಕನ್ನಡದಲ್ಲೇ ಇದೆ, ಗುಣವಾದವರ ವಿಡಿಯೊಗಳೂ ಇವೆ. ಪ್ರಯತ್ನಿಸಬಹುದೇ?
– ವ್ಯಾಪಾರಿ, ರಾಣೆಬೆನ್ನೂರು

ನೀವು ವ್ಯಾಪಾರಿ, ಆ ಭಾಷೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಾಯಾ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ತಡೆಯುವ ಕಾಯ್ದೆ 1954ರಿಂದಲೇ ನಮ್ಮಲ್ಲಿದೆ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಮೂರ್ಛೆ, ತೊನ್ನು ಮುಂತಾದ ಪಟ್ಟಿಯೇ ಅದರಲ್ಲಿದೆ; ಇವನ್ನು ಗುಣಪಡಿಸುತ್ತೇವೆ ಎಂದು ಸಾರ್ವಜನಿಕರಿಗೆ ಔಷಧಿಯ ಜಾಹೀರಾತು ಕೊಡುವುದೇ ಅಪರಾಧ. ಅಂದರೆ ಆ ಔಷಧ ಕೆಲಸ ಮಾಡುತ್ತದೆಯೇ ಎಂಬ ಚರ್ಚೆಗೆ ಹೋಗುವ ಮೊದಲೇ ಆ ಪುಟ ಕಾನೂನು ಮುರಿದಿದೆ. ವಿಡಿಯೊದಲ್ಲಿ ಗುಣವಾದವರು ಮಾತಾಡುತ್ತಾರೆ, ಆಗದವರನ್ನು ಯಾರು ಕರೆಯುತ್ತಾರೆ? ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಇಂಥದ್ದನ್ನು ನಂಬಿ ಒಂದು ದಿನವೂ ನಿಲ್ಲಿಸಬೇಡಿ.

ಜಾಲತಾಣವೆಲ್ಲ ಯಾಕೆ, ಎಐ ಕೇಳಿದರೆ ಕನ್ನಡದಲ್ಲೇ ಹೇಳುತ್ತದಲ್ಲ?
– ಪದವಿ ವಿದ್ಯಾರ್ಥಿನಿ, ಕಲಬುರಗಿ

ಹೇಳುತ್ತದೆ, ಎಷ್ಟೋ ಸಲ ಸರಿಯಾಗಿಯೇ. ನನ್ನ ಗೋಳು ಬೇರೆ: ಬರೆದವರು ಯಾರು, ಯಾವಾಗಿನ ಮಾತು, ದುಡ್ಡು ಯಾರದು ಎಂದು ತಿರುಗಿಸಿ ನೋಡಲು ಅಲ್ಲಿ ಪುಟವೇ ಇಲ್ಲ. ಆಧಾರ ಕೇಳಿ, ಕೊಟ್ಟ ಕೊಂಡಿಯನ್ನು ತೆರೆದು ಓದಿ. ಇಲ್ಲದ ಸಂಶೋಧನಾ ಲೇಖನದ ಹೆಸರು ಕೊಡುವುದೂ ಉಂಟು. ಕೊಂಡಿ ತೆರೆಯಿತೆಂದರೆ ಸಾಗರದವರಿಗೆ ಕೊಟ್ಟ ಉತ್ತರವೇ ನಿಮಗೂ: ಕೊನೆಗೆ ಹೋಗಿ ತಾರೀಖು ನೋಡಿ.

ಹಾವು ಕಚ್ಚಿದರೆ ಯಾವ ಜಾಲತಾಣ ನೋಡಬೇಕು?
– ರೈತರೊಬ್ಬರು, ಹಾವೇರಿ ಜಿಲ್ಲೆ

ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸಬೇಡಿ, ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ ತೆಗೆಯಿರಿ. 108ಕ್ಕೆ ಫೋನ್ ಮಾಡಿ. ಹಾವನ್ನು ಹಿಡಿದು ಒಯ್ಯುವುದೂ ಬೇಡ. ನಮ್ಮಲ್ಲಿ ಕೊಡುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿಸಿ ಮಾಡಿದ್ದು. ಅದು ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ ಎಂದು ಮಾತ್ರ ಈ ವಾರವೇ ವಿಚಾರಿಸಿ, ಗೋಡೆಯ ಮೇಲೆ ಬರೆದಿಡಿ.