ಎರಡು ಕ್ಲಬ್‌ಗಳು ಒಟ್ಟಿಗೇ ಕರೆದರೆ ಫುಟ್‌ಬಾಲ್ ಕೋಚ್ ಏನು ನೋಡುತ್ತಾನೆ?

ಹೆಡ್ ಕೋಚ್ ಕೆಲಸಕ್ಕೆ ಒಟ್ಟಿಗೇ ಎರಡು ಮೂರು ಕಡೆಯಿಂದ ಕರೆ ಬಂದರೆ ಹೇಗೆ ಆರಿಸಿಕೊಳ್ಳುತ್ತಾರೆ, ಸಂಬಳ ಜಾಸ್ತಿ ಇರುವ ಕಡೆ ಹೋಗುವುದು ತಾನೇ ಅಂತ ಕೇಳಿದ್ದೀರಿ. ನಾನು ಕೆಳಗಿನ ಡಿವಿಷನ್‌ಗಳಲ್ಲಿ ಹನ್ನೆರಡು ವರ್ಷ ಕೋಚಿಂಗ್ ಮಾಡಿದವನು. ಅಂಥ ಅದೃಷ್ಟ ನನಗೆ ಬಂದಿದ್ದು ಎರಡೇ ಸಲ. ಮೊದಲ ಸಲ ಸಂಬಳ ನೋಡಿಕೊಂಡೇ ಹೋದೆ, ಸರಿಯಾಗಿ ಪೆಟ್ಟು ತಿಂದೆ.

ಆಗ ಒಂದು ಕಡೆ ದೊಡ್ಡ ಸ್ಟೇಡಿಯಂ, ದುಡ್ಡಿರುವ ಮಾಲೀಕರು. ಇನ್ನೊಂದು ಸಣ್ಣ ಕ್ಲಬ್, ಸಂಬಳ ಹೆಚ್ಚುಕಡಿಮೆ ಅರ್ಧ. ದೊಡ್ಡ ಕ್ಲಬ್ಬಿನ ಮಾಲೀಕರು ಎರಡು ಗಂಟೆ ಮಾತಾಡಿದರು. ‘ಟೀಮ್ ನಿಮ್ಮದು, ನಾನು ತಲೆ ಹಾಕುವುದಿಲ್ಲ’ ಅಂದರು. ಇನ್ನೇನು ಏಳಬೇಕು ಅನ್ನುವಾಗ ಟೇಬಲ್ ಮೇಲಿದ್ದ ಟಿಶ್ಯೂ ಪೇಪರ್ ಎಳೆದುಕೊಂಡು ಹನ್ನೊಂದು ಹೆಸರು ಬರೆದರು. ಯಾರು ಎಲ್ಲಿಗೆ ಓಡಬೇಕು ಅಂತ ಬಾಣದ ಗುರುತು ಬೇರೆ. ‘ಸುಮ್ನೆ, ನನ್ನ ಆಸೆ ಅಷ್ಟೇ’ ಅಂತ ನನ್ನ ಕಡೆ ತಳ್ಳಿದರು. ಪಾಪ, ಆಟದ ಹುಚ್ಚು ಅಂದುಕೊಂಡು ಜೇಬಿಗೆ ಹಾಕಿಕೊಂಡೆ. ನಾಲ್ಕು ತಿಂಗಳಿಗೆ ಕೆಲಸ ಹೋಯಿತು. ಆ ಪೇಪರಿನಲ್ಲಿದ್ದ ಲೆಫ್ಟ್ ಬ್ಯಾಕ್‌ನನ್ನು ನಾನು ಮೂರು ಪಂದ್ಯ ಹೊರಗೆ ಕೂರಿಸಿದ್ದೆ.

ಹಾಗಾಗಿ ಈಗ ನನ್ನ ಮೊದಲ ಪ್ರಶ್ನೆ ಆಟಗಾರರನ್ನು ತರುವುದು, ಬಿಡುವುದು ಯಾರ ಕೈಯಲ್ಲಿದೆ ಅನ್ನುವುದು. ಇವತ್ತು ಎಷ್ಟೋ ಕ್ಲಬ್‌ಗಳಲ್ಲಿ ಆ ಕೆಲಸ ಸ್ಪೋರ್ಟಿಂಗ್ ಡೈರೆಕ್ಟರ್‌ದು. ಅದು ತಪ್ಪಲ್ಲ. ಆದರೆ ‘ಬೇಡ’ ಅನ್ನುವ ಹಕ್ಕು ಕೋಚ್‌ಗೆ ಇದೆಯಾ, ಇಲ್ಲವಾ? ಅರ್ಜೆಂಟೀನಾದ ಕೋಚ್ ಮಾರ್ಸೆಲೊ ಬಿಯೆಲ್ಸಾ 2016ರಲ್ಲಿ ಇಟಲಿಯ ಲಾಜಿಯೊ ಕ್ಲಬ್ ಸೇರಿದ ಸುದ್ದಿ ಹೊರಬಿದ್ದ ಎರಡೇ ದಿನಕ್ಕೆ ಬಿಟ್ಟು ಹೊರಟರು. ತರುತ್ತೇವೆ ಅಂತ ಒಪ್ಪಿಕೊಂಡಿದ್ದ ಆಟಗಾರರಲ್ಲಿ ಒಬ್ಬರೂ ಬಂದಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಜನ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಎರಡನೇ ಪ್ರಶ್ನೆಯನ್ನು ಕ್ಲಬ್ಬಿಗೆ ಕೇಳಿ ಪ್ರಯೋಜನವಿಲ್ಲ. ಹಿಂದಿನ ಕೋಚ್‌ಗೆ ಫೋನ್ ಮಾಡಬೇಕು. ಕೆಲಸ ಕಳೆದುಕೊಂಡವನ ಮಾತಿನಲ್ಲಿ ಸಿಟ್ಟು ಇದ್ದೇ ಇರುತ್ತದೆ, ಅದನ್ನು ಸ್ವಲ್ಪ ಕಳೆದುಕೊಂಡು ಕೇಳಬೇಕು. ಯಾಕೆ ತೆಗೆದರು ಅನ್ನುವುದಕ್ಕಿಂತ ಹೇಗೆ ತೆಗೆದರು ಅಂತ ಕೇಳಿದರೆ ಜಾಸ್ತಿ ಗೊತ್ತಾಗುತ್ತದೆ. ಎದುರು ಕೂತು ಹೇಳಿದರಾ, ಮೊಬೈಲಿಗೆ ಮೆಸೇಜ್ ಬಂತಾ? ಬಾಕಿ ಸಂಬಳ ಬಂತಾ? ಆಮೇಲೆ ಸಾಧ್ಯವಾದರೆ ಹೇಳದೆ ಕೇಳದೆ ಪ್ರಾಕ್ಟೀಸ್ ಮೈದಾನಕ್ಕೆ ಹೋಗಿ ಬರಬೇಕು. ಎರಡನೇ ಸಲ ನಾನು ಹಾಗೇ ಮಾಡಿದೆ. ಬೆಳಗ್ಗೆ ಏಳಕ್ಕೆ ಹೋದರೆ ಕಿಟ್ ನೋಡಿಕೊಳ್ಳುವವರು ಒಬ್ಬರೇ ಇದ್ದರು, ಒದ್ದೆ ಜೆರ್ಸಿ ಹರವುತ್ತಿದ್ದರು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಅಂತ ಕೇಳಿದೆ. ‘ಹತ್ತೊಂಬತ್ತು ವರ್ಷ. ಕೋಚ್‌ಗಳ ಲೆಕ್ಕದಲ್ಲಿ ಹೇಳುವುದಾದರೆ ಐದು’ ಅಂದರು. ಇಷ್ಟು ವರ್ಷಕ್ಕೆ ಬರೀ ಐದೇ ಜನ ಅಂದರೆ ಈ ಕ್ಲಬ್ ಕಾಯುತ್ತದೆ ಅಂತ ಅರ್ಥ. ಅಷ್ಟು ಸಾಕಿತ್ತು ನನಗೆ.

ಇನ್ನು ಟೀಮಿನ ಪಟ್ಟಿ. ಅಭಿಮಾನಿಗಳು ಅದರಲ್ಲಿ ಸ್ಟ್ರೈಕರ್ ಯಾರು ಅಂತ ನೋಡುತ್ತಾರೆ. ನಾವು ಮೊದಲು ನೋಡುವುದು ಎರಡು ಕಾಲಂ: ವಯಸ್ಸು, ಒಪ್ಪಂದ ಮುಗಿಯುವ ವರ್ಷ. ಮುಖ್ಯ ಆಟಗಾರರೆಲ್ಲ ಮೂವತ್ತು ದಾಟಿದ್ದು, ಅರ್ಧ ಜನರ ಒಪ್ಪಂದ ಈ ಸೀಸನ್ನಿಗೇ ಮುಗಿಯುವುದಿದ್ದರೆ, ನಿಮ್ಮ ಕೈಗೆ ಬರುವುದು ಹೊಸ ಟೀಮ್ ಕಟ್ಟುವ ಕೆಲಸ. ಆದರೆ ನಿಮ್ಮನ್ನು ಅಳೆಯುವುದು ಹಳೇ ಟೀಮಿನ ಪಾಯಿಂಟ್ ಲೆಕ್ಕದಲ್ಲಿ. ‘ಈ ವರ್ಷ ಎಷ್ಟನೇ ಸ್ಥಾನ ಬಂದರೆ ನಿಮಗೆ ಸಮಾಧಾನ?’ ಅಂತ ಅಧ್ಯಕ್ಷರನ್ನೂ ಡೈರೆಕ್ಟರನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿ. ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟರೆ ಚಹಾ ಕುಡಿದು ಎದ್ದು ಬನ್ನಿ.

ಜೊತೆಗೆ ಯಾರನ್ನು ಕರೆದುಕೊಂಡು ಹೋಗಬಹುದು ಅನ್ನುವುದನ್ನು ತುಂಬಾ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇಂಗ್ಲೆಂಡಿನ ಕೋಚ್ ಬ್ರಯಾನ್ ಕ್ಲಫ್ 1974ರಲ್ಲಿ ಲೀಡ್ಸ್ ಯುನೈಟೆಡ್‌ಗೆ ಹೋದಾಗ ಅವರ ಜೊತೆಗಾರ, ಸಹಾಯಕ ಕೋಚ್ ಪೀಟರ್ ಟೇಲರ್ ಬ್ರೈಟನ್ ಕ್ಲಬ್ಬಿನಲ್ಲೇ ಉಳಿದರು. ಕ್ಲಫ್ ಅಲ್ಲಿ ಬಾಳಿದ್ದು 44 ದಿನ. ಬೇರೆ ಕಾರಣಗಳೂ ಇದ್ದವು ಬಿಡಿ, ಅದೇ ಕ್ಲಬ್ಬನ್ನು ಕ್ಲಫ್ ವರ್ಷಗಟ್ಟಲೆ ಬೈದಿದ್ದರು. ಆದರೆ ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ ಟೇಲರ್ ಮತ್ತೆ ಬಂದು ಸೇರಿದ ಮೇಲೆ ಏನಾಯಿತು ನೋಡಿ: 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್. ಕ್ಲಬ್ ‘ನಮ್ಮ ಸ್ಟಾಫ್ ಇದ್ದಾರೆ, ನೀವೊಬ್ಬರೇ ಬನ್ನಿ’ ಅಂದರೆ ನಾನಂತೂ ಹಿಂಜರಿಯುತ್ತೇನೆ. ಸೋತ ರಾತ್ರಿ ‘ನೀನು ಮಾಡಿದ್ದು ತಪ್ಪು’ ಅಂತ ಮುಖಕ್ಕೆ ಹೇಳುವವನು ಒಬ್ಬನಾದರೂ ಬೇಕಲ್ವಾ?

ಸಂಬಳದ ವಿಷಯಕ್ಕೆ ಬರುತ್ತೇನೆ. ತಿಂಗಳ ಸಂಬಳಕ್ಕಿಂತ ತೆಗೆದುಹಾಕಿದರೆ ಏನು ಕೊಡುತ್ತಾರೆ ಅನ್ನುವ ಸಾಲು ಮುಖ್ಯ. ಮೂರು ವರ್ಷದ ಒಪ್ಪಂದ ಅಂತ ದೊಡ್ಡದಾಗಿ ಬರೆದಿರುತ್ತದೆ, ಒಳಗೆಲ್ಲೋ ‘ಮೊದಲ ವರ್ಷದ ನಂತರ ಮೂರು ತಿಂಗಳ ಸಂಬಳ ಕೊಟ್ಟು ಮುಗಿಸಬಹುದು’ ಅಂತಲೂ ಇರುತ್ತದೆ. ಅಂದರೆ ಅದು ಒಂದೇ ವರ್ಷದ ಒಪ್ಪಂದ. ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಈಗಿರುವ ಕಡೆಯೇ ಉಳಿಯುವುದೂ ಒಂದು ಆಫರ್ ಅಂತ ಲೆಕ್ಕ ಹಾಕಬೇಕು. 2024ರ ಮಾರ್ಚ್‌ನಲ್ಲಿ ಲಿವರ್‌ಪೂಲ್, ಬಯರ್ನ್ ಎರಡೂ ಕಡೆ ಶಾಬಿ ಅಲೊನ್ಸೊ ಹೆಸರು ಓಡಾಡುತ್ತಿತ್ತು. ಅವರು ಆಗ ಕೋಚ್ ಆಗಿದ್ದ ಜರ್ಮನಿಯ ಲೆವರ್‌ಕೂಸೆನ್ ಕ್ಲಬ್ಬಿನಲ್ಲೇ ಇರುತ್ತೇನೆ ಅಂದರು. ಆ ಸೀಸನ್ನಿನಲ್ಲಿ ಒಂದೂ ಪಂದ್ಯ ಸೋಲದೆ ಅಲ್ಲಿನ ಲೀಗ್ ಬುಂಡೆಸ್‌ಲೀಗಾ ಗೆದ್ದರು. ಮರುವರ್ಷ ರಿಯಲ್ ಮ್ಯಾಡ್ರಿಡ್ ಸೇರಿದರು, ಅದು ಬೇರೆ ಕಥೆ. ಸ್ಪೇನ್ ತಂಡದ ಕೋಚ್ ಆಗಿದ್ದ ಹೂಲೆನ್ ಲೋಪೆಟೆಗಿ ಅದೇ ಮ್ಯಾಡ್ರಿಡ್‌ಗೆ ಹೂಂ ಅಂದ ಹೊತ್ತು ಮಾತ್ರ ಕೆಟ್ಟದ್ದು. 2018ರ ವಿಶ್ವಕಪ್‌ನಲ್ಲಿ ಸ್ಪೇನ್‌ನ ಮೊದಲ ಪಂದ್ಯಕ್ಕೆ ಎರಡು ದಿನ ಇರುವಾಗ ಸ್ಪೇನ್ ಅವರನ್ನು ತೆಗೆಯಿತು, ಅಕ್ಟೋಬರ್‌ನಲ್ಲಿ ಮ್ಯಾಡ್ರಿಡ್ ಕೂಡ ತೆಗೆಯಿತು.

ಎರಡನೇ ಸಲ ಕೊನೆಯ ಪ್ರಶ್ನೆ ಕೇಳಿದ್ದು ನನ್ನ ಹೆಂಡತಿ. ಅಷ್ಟೂ ಹೊತ್ತು ನನ್ನ ಪಟ್ಟಿ ಕೇಳಿಸಿಕೊಂಡವಳು, ‘ನಡುವರ್ಷದಲ್ಲಿ ತೆಗೆದರೆ ಮಗಳ ಸ್ಕೂಲ್ ಏನು ಮಾಡೋದು?’ ಅಂದಳು. ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಮಾರನೇ ದಿನ ಕ್ಲಬ್ಬಿಗೆ ಫೋನ್ ಮಾಡಿ, ಕೆಲಸ ಹೋದರೂ ಆ ಶಾಲಾ ವರ್ಷ ಮುಗಿಯುವ ತನಕ ಮನೆ ಬಾಡಿಗೆ ಕ್ಲಬ್ ಕೊಡಬೇಕು ಅಂತ ಒಂದು ಸಾಲು ಸೇರಿಸಿಸಿದೆ. ಮೂರನೇ ವರ್ಷ ಅದು ಉಪಯೋಗಕ್ಕೂ ಬಂತು.