ಕಿಡಿಯೊ ಬಾಯಿ ಬಿಡುವುದೇಕೆ?

ಪ್ರಶ್ನೆ: ಚರ್ಚಿನ ಗೆಳತಿಯರೆಲ್ಲ ಸೇರಿ ಕ್ರಿಸ್‌ಮಸ್ ಕುಸ್ವಾರಿಗೆಂದು (ಹಬ್ಬಕ್ಕೆ ಮಾಡಿ ಹಂಚುವ ಬಗೆಬಗೆಯ ತಿಂಡಿಗಳು) ಕಿಡಿಯೊ (ಮೈದಾ ಹಿಟ್ಟನ್ನು ಪುಟ್ಟ ಸುರುಳಿಯಾಗಿ ಸುತ್ತಿ ಕರಿಯುವ ತಿಂಡಿ) ಮಾಡಿದೆವು. ಎಣ್ಣೆಗೆ ಬಿದ್ದದ್ದೇ ಅರ್ಧದಷ್ಟು ಬಿಚ್ಚಿಕೊಂಡವು. ಉಳಿದವು ಮರುದಿನವೇ ಮೆತ್ತಗೆ. ತಪ್ಪಿದ್ದೆಲ್ಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಹರಟೆಯ ನಡುವೆ ಹಿಟ್ಟು ಒಣಗಿರುತ್ತದೆ! ಅರ್ಧ ಕಿಲೊ ಮೈದಾಕ್ಕೆ 2 ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು ಹಾಕಿ, ದಪ್ಪ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಸುತ್ತುವಾಗಲೂ ಮುಚ್ಚಿಯೇ ಇರಲಿ. ಗೋಲಿಗಿಂತ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ (ತಲೆಗೆ ತಾಗಿಸದ್ದು) ಮೇಲೆ ಹೆಬ್ಬೆರಳಿನಿಂದ ಒತ್ತಿ, ಸುರುಳಿ ಸುತ್ತಿ, ಅಂಚಿಗೆ ನೀರು ಸವರಿ ಅಂಟಿಸಿ. ಉರಿ ಜೋರಾದರೆ ಹೊರಗೆ ಕೆಂಪು, ಒಳಗೆ ಹಸಿ, ಮೆತ್ತಗಾಗುವುದು ಅದರಿಂದಲೇ. ಮಧ್ಯಮ ಉರಿಯಲ್ಲಿ ಎಣ್ಣೆಯ ನೊರೆ ಇಳಿಯುವವರೆಗೆ ಕರಿಯಿರಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ.