ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಏರ್‌ಬಸ್ ಎ380ನಂಥ ದೈತ್ಯ ವಿಮಾನ ಇಳಿದರೆ ರನ್‌ವೇ ಬಿರುಕು ಬಿಡುತ್ತದೆಯೇ?

ಒಂದು ಸಲ ಇಳಿದ ಮಾತ್ರಕ್ಕೆ ಬಿಡುವುದಿಲ್ಲ. ನೆಲಕ್ಕೆ ಲೆಕ್ಕ ವಿಮಾನದ ಒಟ್ಟು ತೂಕವಲ್ಲ. ಒಂದೊಂದು ಚಕ್ರ ಎಷ್ಟು ಒತ್ತುತ್ತದೆ, ಚಕ್ರಗಳು ಎಷ್ಟು ಹತ್ತಿರ ಇವೆ ಎನ್ನುವುದು.

ಮಳೆಗಾಲದಲ್ಲಿ ಗದ್ದೆಗೆ ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತದೆ. ಅಗಲದ ಹಲಗೆ ಹಾಸಿದರೆ ಅಕ್ಕಿಮುಡಿ ಹೊತ್ತೂ ದಾಟಬಹುದು. ರನ್‌ವೇಯ ಕಾಂಕ್ರೀಟು, ಡಾಂಬರು, ಜಲ್ಲಿಯ ಪದರಗಳದ್ದೂ ಅದೇ ಕೆಲಸ: ಚಕ್ರದ ಭಾರವನ್ನು ಅಗಲಕ್ಕೆ ಹರಡಿ ಅಡಿಮಣ್ಣಿಗೆ ದಾಟಿಸುವುದು.

ಬೋಯಿಂಗ್ 737-800 ಪೂರ್ತಿ ತುಂಬಿದರೆ ಸುಮಾರು 79 ಟನ್. ಅದರ ಬಹುಪಾಲು ನಾಲ್ಕೇ ಮುಖ್ಯ ಚಕ್ರಗಳ ಮೇಲೆ, ಅಂದರೆ ಚಕ್ರಕ್ಕೆ ಹೆಚ್ಚುಕಡಿಮೆ 19 ಟನ್. ಎ380 ಸುಮಾರು 575 ಟನ್, ಆದರೆ ಹೊರಲು 20 ಮುಖ್ಯ ಚಕ್ರಗಳಿವೆ. ಚಕ್ರಕ್ಕೆ 27 ಟನ್ ಚಿಲ್ಲರೆ. ತೂಕ ಏಳು ಪಟ್ಟಾದರೂ ಚಕ್ರದ ಹೊರೆ ಒಂದೂವರೆ ಪಟ್ಟು ಮಾತ್ರ.

ಹಾಗಂತ ನೆಲಕ್ಕೆ ಏನೂ ಆಗುವುದಿಲ್ಲ ಎಂದಲ್ಲ. ಪಕ್ಕಪಕ್ಕದ ಚಕ್ರಗಳ ಒತ್ತಡ ಆಳಕ್ಕಿಳಿದಂತೆ ಒಂದರೊಳಗೊಂದು ಬೆರೆಯುತ್ತದೆ. ತಳದ ಮಣ್ಣು ಮೆತ್ತಗಿದ್ದು, ಇಂಥ ವಿಮಾನ ದಿನಾ ಓಡಾಡಿದರೆ ವರ್ಷಗಳಲ್ಲಿ ಬಿರುಕು, ತಗ್ಗು ಕಾಣುತ್ತದೆ. ತಮಾಷೆಯೆಂದರೆ ಇಳಿಯುವಾಗಿನ 'ಧಡ್' ಅಷ್ಟು ದೊಡ್ಡ ಪೆಟ್ಟಲ್ಲ. ಆಗ ಇಂಧನ ಕರಗಿರುತ್ತದೆ, ರೆಕ್ಕೆಗಳು ಇನ್ನೂ ಒಂದಿಷ್ಟು ಭಾರ ಎತ್ತಿಹಿಡಿದಿರುತ್ತವೆ. ಟ್ಯಾಂಕು ತುಂಬಿಸಿಕೊಂಡು ಹೊರಡಲು ನಿಧಾನಕ್ಕೆ ತೆವಳುವ ವಿಮಾನದ್ದೇ ಹೆಚ್ಚು ಕಾಟ.

ಬಜಪೆಗೆ ಎ380 ಬರಲು ಅಡ್ಡಿ ಬೇರೆಯೇ ಇದೆ: ಗುಡ್ಡದ ನೆತ್ತಿಯ ರನ್‌ವೇ ಬರೀ 2,450 ಮೀಟರ್, ಆ ವಿಮಾನದ ರೆಕ್ಕೆಯ ಹರವೇ 80 ಮೀಟರ್ ಹತ್ತಿರ, ಅದಕ್ಕೆ ತಕ್ಕ ಅಗಲದ ಜಾಗವೂ ಬೇಕು.